ಸೋಡಾ ಮುಚ್ಚಳ, ಬಳೆ ಚೂರು, ಸೈಕಲ್ ಟ್ಯೂಬು: ಒಡವೆ ಮಾಡುವವರ ಪ್ರಶ್ನೆಗಳಿಗೆ ಉತ್ತರ

ಬಿಸಾಡುವ ಸಾಮಾನಿನಿಂದ ಒಡವೆ ಮಾಡುವ ಬಗ್ಗೆ ಬಂದ ಪತ್ರಗಳಲ್ಲಿ ಎಂಟಕ್ಕೆ ಇಲ್ಲಿ ಉತ್ತರವಿದೆ. ‘ಯಾವುದರಿಂದ ಮಾಡಬಹುದು’ ಎಂದು ಕೇಳಿದವರೂ ಬಹಳ ಮಂದಿ. ಕೈಗೆ ಸಿಕ್ಕಿದ್ದರಿಂದೆಲ್ಲ ಮಾಡಬಹುದು, ಆ ಚಿಂತೆ ಬೇಡ. ಕೆಲಸ ಕೆಡುವುದು ತೂತು, ಅಂಚು, ಕೊಕ್ಕೆ ಈ ಮೂರು ಕಡೆ. ಬಂದ ದೂರುಗಳೂ ಹೆಚ್ಚುಕಡಿಮೆ ಅವೇ.

ಸೋಡಾ ಬಾಟಲಿಯ ಮುಚ್ಚಳದೊಳಗೆ ಹಳೆ ಅಂಚೆಚೀಟಿ ಅಂಟಿಸಿ ಮೇಲೆ ರೆಸಿನ್ ಸುರಿದೆ. ಮೂರು ದಿನವಾದರೂ ಅಂಟಂಟು. ಅಂಚೆಚೀಟಿ ಎಣ್ಣೆ ಬಿದ್ದ ಹಾಗೆ ಕಪ್ಪಾಗಿದೆ. ಏನು ತಪ್ಪಾಯಿತು? (ಓದುಗರು, ಸಾಗರ)

ಇವು ಎರಡು ಬೇರೆ ಬೇರೆ ತಪ್ಪು. ಮೊದಲು ಅಂಟಿನದ್ದು ನೋಡೋಣ. ಸಾಬೂನು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಮುಚ್ಚಳ ತೊಳೆದು ಒರೆಸಿ. ಜಿಡ್ಡು ಹೋಗಿ ಒಳಗೆ ಗಟ್ಟಿ ಸಿಕ್ಕಿದರೆ ಅದು ಬರೀ ಮಳೆಗಾಲದ ಉಪದ್ರವ. ಗಟ್ಟಿ ಆಗುವ ಮುಂಚೆ ಗಾಳಿಯ ತೇವ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಜೊತೆ ಸೇರಿ ಮೇಲೆ ಮೇಣದಂಥ ಪೊರೆ ಕಟ್ಟಿರುತ್ತದೆ. ತೊಳೆದ ಮೇಲೂ ಉಗುರು ಒತ್ತಿದರೆ ಗುಳಿ ಬೀಳುತ್ತದೆಯೇ? ಹಾಗಾದರೆ ಅಳತೆ ತಪ್ಪಿದೆ. ಅದನ್ನು ಬಿಸಿಲಿಗಿಟ್ಟರೂ ಸರಿಹೋಗದು, ಕೆರೆದು ತೆಗೆಯುವುದೊಂದೇ ದಾರಿ.

ಅಳತೆ ತಪ್ಪುವುದಕ್ಕೆ ಸಾಮಾನ್ಯ ಕಾರಣ ಅಡುಗೆಮನೆಯ ತಕ್ಕಡಿ. ಮುಚ್ಚಳವನ್ನು 3 ಮಿ.ಮೀ. ಆಳಕ್ಕೆ ತುಂಬಿಸಲು ಒಂದೂವರೆ ಮಿ.ಲೀ. ಚಿಲ್ಲರೆ ಸಾಕು, ಆರು ಮುಚ್ಚಳಕ್ಕೆ ಸುಮಾರು 10 ಗ್ರಾಂ. 2:1 ರೆಸಿನ್ (ರೆಸಿನ್ ಎರಡು ಪಾಲು, ಹಾರ್ಡನರ್ ಒಂದು ಪಾಲು) ಆದರೆ ಅದರಲ್ಲಿ ಹಾರ್ಡನರ್ ಮೂರು ಗ್ರಾಂ ಚಿಲ್ಲರೆ. ಒಂದೊಂದೇ ಗ್ರಾಂ ತೋರಿಸುವ ತಕ್ಕಡಿ 3 ಎಂದಾಗ ನಿಜವಾಗಿ ಇರುವುದು ಎರಡೂವರೆಯೋ ಮೂರೂವರೆಯೋ ತಿಳಿಯದು. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತನ್ನಿ, ಇಲ್ಲವೇ ಒಂದು ಸಲಕ್ಕೆ 30 ಗ್ರಾಂಗಿಂತ ಕಡಿಮೆ ಕಲಸಬೇಡಿ. ಡಬ್ಬಿಯ ಮೇಲಿನ 2:1 ತೂಕದ ಲೆಕ್ಕವೋ ಮಿ.ಲೀ. ಲೆಕ್ಕವೋ ಅದನ್ನೂ ಓದಿ, ಎರಡೂ ಒಂದೇ ಅಲ್ಲ. ಲೋಟದ ಗೋಡೆ, ತಳ ಕೆರೆದು ಕೆರೆದು ಮೂರು ನಿಮಿಷ ಕಲಸಿ, ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ. ಮೊದಲ ಲೋಟದ ಗೋಡೆಗೆ ಹತ್ತಿಕೊಂಡು ಬೆರೆಯದೆ ಉಳಿದದ್ದೇ ಆಮೇಲೆ ಪದಕದ ಮೇಲೆ ಅಂಟು ಮಚ್ಚೆಯಾಗಿ ಕಾಣುವುದು. ಕೋಣೆ 20 ಡಿಗ್ರಿಗಿಂತ ತಣ್ಣಗಿದ್ದರೆ ಬಾಟಲಿಗಳನ್ನು ಮೊದಲು ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಗುಳ್ಳೆಯೂ ಕಡಿಮೆಯಾಗುತ್ತದೆ.

ಅಂಚೆಚೀಟಿಯದ್ದು ಸಣ್ಣ ವಿಷಯ: ಕಾಗದ ರೆಸಿನ್ ಕುಡಿದಿದೆ. ಎರಡೂ ಮಗ್ಗುಲಿಗೆ, ಮುಖ್ಯವಾಗಿ ಅಂಚಿಗೆ, ಫೆವಿಕಾಲ್ ಎರಡು ಕೋಟ್ ಹಚ್ಚಿ. ಪೂರ್ತಿ ಪಾರದರ್ಶಕವಾಗಿ ಒಣಗಿದ ಮೇಲೆ ಸುರಿಯಿರಿ.

ಮುಚ್ಚಳದ ಬಗ್ಗೆ ಒಂದು ಮಾತು. ತಗಡಿನ ದಪ್ಪ ಕಾಲು ಮಿ.ಮೀ. ಕೂಡ ಇಲ್ಲ, ತುಕ್ಕು ತಡೆಯುವುದು ಅದರ ಮೇಲಿನ ಲೇಪ. ತೂತು ಕೊರೆದಲ್ಲಿ ಲೇಪ ಹೋಗಿ ಬರೀ ಉಕ್ಕು ಹೊರಬೀಳುತ್ತದೆ, ಬೆವರು ತಾಗಿದರೆ ಒಂದು ವಾರಕ್ಕೆ ಕೆಂಪು. ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಐಲೆಟ್ (ತೂತಿಗೆ ಕೂರಿಸುವ ಪುಟ್ಟ ಬಳೆ) ಬಡಿದರೆ ತುಕ್ಕೂ ಬಾರದು, ಕೊಂಡಿ ತಗಡನ್ನು ಗರಗಸದಂತೆ ಕೊಯ್ಯುವುದೂ ನಿಲ್ಲುತ್ತದೆ. ತೂತು ಅಂಚಿನಿಂದ 3 ಮಿ.ಮೀ. ಒಳಗಿರಲಿ.

ಒಡೆದ ಗಾಜಿನ ಬಳೆ ಚೂರುಗಳನ್ನು ದೀಪಕ್ಕೆ ಹಿಡಿದು ಬಗ್ಗಿಸಿ ಸರ ಮಾಡುತ್ತಿದ್ದರಲ್ಲ, ಅದನ್ನೇ ಓಲೆಯಾಗಿ ಮಾಡಬೇಕೆಂದಿದ್ದೇನೆ. ಚೂರು ಸಿಡಿಯುತ್ತದೆ, ಇಲ್ಲವೇ ಎರಡು ದಿನ ಬಿಟ್ಟು ತಾನೇ ಮುರಿಯುತ್ತದೆ. (ಓದುಗರು, ಹುಬ್ಬಳ್ಳಿ)

ಸಿಡಿಯುವುದು ಬೇಗ ಬಿಸಿಯಾದ್ದರಿಂದ, ತಡವಾಗಿ ಮುರಿಯುವುದು ಬೇಗ ತಣ್ಣಗಾದ್ದರಿಂದ.

ಚೂರು ಆರಿಸುವಲ್ಲೇ ಅರ್ಧ ಕೆಲಸವಿದೆ. ಸುಮಾರು 2 ಮಿ.ಮೀ. ದಪ್ಪದ ಸಾದಾ ಬಳೆ, ಅದರಲ್ಲೂ ಮೂರನೇ ಒಂದು ಭಾಗದಷ್ಟು ಉದ್ದದ ಚೂರು ಬೇಕು. ಮಿಂಚು ಅಂಟಿಸಿದ್ದು, ಬಣ್ಣ ಬಳಿದದ್ದು ಬೇಡ, ಉರಿಗೆ ಹಿಡಿದರೆ ಕರಿಯಾಗುತ್ತದೆ. ಗಾಜೋ ಪ್ಲಾಸ್ಟಿಕ್ಕೋ ಅನುಮಾನವಿದ್ದರೆ ಸ್ಟೀಲ್ ಲೋಟಕ್ಕೆ ತಟ್ಟಿ ನೋಡಿ, ಗಾಜು ಕಿಣಿ ಎನ್ನುತ್ತದೆ.

ಮೇಣದಬತ್ತಿಗಿಂತ ಸ್ಪಿರಿಟ್ ದೀಪ ಒಳ್ಳೆಯದು, ಮಸಿ ಹಿಡಿಯುವುದಿಲ್ಲ. ಕನ್ನಡಕ ಹಾಕಿಕೊಳ್ಳಿ, ಸೆರಗು ಸಿಕ್ಕಿಸಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಚೂರಿನ ಎರಡು ತುದಿಯನ್ನೂ ಇಕ್ಕಳದಲ್ಲಿ ಹಿಡಿದು, ಉರಿಯ ಒಂದು ಗೇಣು ಮೇಲೆ ಹತ್ತು ಹದಿನೈದು ಸೆಕೆಂಡು ಆಡಿಸಿ. ಆಮೇಲೆ ನಿಧಾನವಾಗಿ ಕೆಳಗಿಳಿಸಿ. ಕಮಾನಿನ ನಡು ಮಾತ್ರ ಉರಿಯ ತುದಿಗೆ ತಾಗಲಿ. ಸ್ವಲ್ಪ ಹೊತ್ತಿಗೆ ಗಾಜಿನ ಬಿಗಿ ಸಡಿಲುವುದು ಕೈಗೇ ತಿಳಿಯುತ್ತದೆ. ಆಗ ಎಳೆಯಬೇಡಿ, ಒತ್ತಲೂ ಬೇಡಿ. ಎರಡು ತುದಿಗಳನ್ನು ಒಂದರ ಕಡೆಗೆ ಇನ್ನೊಂದನ್ನು ತಂದರೆ ನಡು ತಾನೇ ಮಡಿಯುತ್ತದೆ. ತುದಿಗಳು ತಾಗಿದಾಗ ಹುಣಸೆ ಬೀಜದಂಥ ಒಂದು ಕೊಂಡಿ. ಮುಂದಿನ ಚೂರನ್ನು ಅದರೊಳಗೆ ತೂರಿಸಿ ಹಾಗೇ ಮಡಿಸಿದರೆ ಸರ ಬೆಳೆಯುತ್ತದೆ. ತುದಿಗಳು ಬೆಸೆಯುವಷ್ಟು ಉರಿ ಮೇಣದಬತ್ತಿಯಿಂದ ಸಿಗದು, ತಾಗಿಕೊಂಡಷ್ಟೇ ಇರುತ್ತವೆ.

ಮಡಿಸಿದ ಕೂಡಲೇ ನೆಲದ ಮೇಲೋ ತಟ್ಟೆಯಲ್ಲೋ ಇಡುವುದರಿಂದಲೇ ಎರಡು ದಿನದ ಮೇಲಿನ ಅನಾಹುತ. ಹೊರಗಿನ ಪದರ ಮೊದಲು ಬಿಗಿಯಾಗಿ, ಒಳಗಿನದು ಆಮೇಲೆ ಕುಗ್ಗಿ, ಎಳೆತ ಗಾಜಿನೊಳಗೇ ಉಳಿದುಬಿಡುತ್ತದೆ. ಒಣಬೂದಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿಟ್ಟು, ಕೊಂಡಿಯನ್ನು ಅದರಲ್ಲಿ ಹೂತು, ಬೂದಿ ತಣ್ಣಗಾಗುವವರೆಗೆ ಬಿಡಿ. ಇದರಿಂದ ಎಳೆತ ಕಡಿಮೆಯಾಗುತ್ತದೆ, ಪೂರ್ತಿ ಹೋಗದು. ಪೂರ್ತಿ ಹೋಗಬೇಕಾದರೆ 500 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಇಳಿಸುವ ಕುಲುಮೆ ಬೇಕು, ಮೀನಾಕಾರಿ (ಲೋಹದ ಮೇಲೆ ಬಣ್ಣದ ಗಾಜು ಕರಗಿಸುವ ಕೆಲಸ) ಮಾಡುವವರ ಬಳಿ ಇದ್ದರೆ ಕೇಳಿ ನೋಡಿ. ಕುಲುಮೆ ಇಲ್ಲದೆ ಮಾಡಿದ್ದನ್ನು ಒಂದು ವಾರ ಮನೆಯಲ್ಲೇ ನೇತುಹಾಕಿ. ಮುರಿಯುವುದಿದ್ದರೆ ಬಹಳಷ್ಟು ಅಷ್ಟರೊಳಗೇ ಮುರಿಯುತ್ತವೆ.

ಓಲೆಗೆ ಎರಡೋ ಮೂರೋ ಕೊಂಡಿ ಸಾಕು. ಗಾಜಿಗೆ ಗಾಜು ಉಜ್ಜದಂತೆ ನಡುವೆ ತಂತಿ ಕೊಂಡಿ ಹಾಕಿ. ಚೂಪು ತುದಿಗಳನ್ನು ವಾಟರ್ ಪೇಪರ್‌ನಲ್ಲಿ (ನೀರಲ್ಲಿ ಅದ್ದಿ ಬಳಸುವ ಮರಳುಕಾಗದ) 220, 400, 600ರ ಕ್ರಮದಲ್ಲಿ, ನೀರಿನ ಬಟ್ಟಲಲ್ಲಿ ಅದ್ದಿ ಅದ್ದಿ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಆ ಪುಡಿ ಹೋಗುವುದು ನಿಮ್ಮ ಪುಪ್ಪುಸಕ್ಕೆ. ಕತ್ತಿನ ಸರ ಮಾತ್ರ ಬೇಡ. ಚೆಂದ ಕಾಣುತ್ತದೆ ನಿಜ, ಒಂದು ಕೊಂಡಿ ಮುರಿದರೂ ಚೂಪು ತುದಿ ಗಂಟಲ ಹತ್ತಿರವೇ ಇರುತ್ತದೆ.

ಪೆಟ್ ಬಾಟಲಿಯಿಂದ ಹೂವು ಮಾಡುವಾಗ ದಳ ಮಸಿ ಹಿಡಿಯುತ್ತದೆ, ತೂತು ಮುಚ್ಚಿಹೋಗುತ್ತದೆ. (ವಿದ್ಯಾರ್ಥಿನಿ, ಕಾರವಾರ)

ಮೊದಲು ಬಿಸಿ ಮಾಡಿ, ಆಮೇಲೆ ತೂತು ಹಾಕಿ. ಈ ಪ್ಲಾಸ್ಟಿಕ್ 70–80 ಡಿಗ್ರಿಗೇ ಮೆತ್ತಗಾಗಿ ಕುಗ್ಗುತ್ತದೆ. ಮೊದಲೇ ಕೊರೆದ ತೂತು ಸೊಟ್ಟಗಾಗುವುದು ಅದಕ್ಕೇ. ದಳ ಉರಿಯಿಂದ 4–5 ಸೆಂ.ಮೀ. ಮೇಲಿರಲಿ, ಮಸಿ ಹಿಡಿಯುತ್ತಿದೆ ಎಂದರೆ ಹತ್ತಿರವಾಯಿತು ಎಂದರ್ಥ. ಬಣ್ಣ ಹಚ್ಚುವುದಾದರೆ 400ರ ಪೇಪರ್‌ನಲ್ಲಿ ಗೀಚಿ ಒಳಮೈಗೆ ಹಚ್ಚಿ, ಹೊರಮೈ ಹೊಳಪು ಹಾಗೇ ಉಳಿಯುತ್ತದೆ. ತಳದ ತ್ರಿಕೋನದಲ್ಲಿ 1 ಎಂದಿದ್ದರೆ ಪೆಟ್. 3 ಎಂದಿದ್ದರೆ ಪಿವಿಸಿ, ಅದನ್ನು ಬಿಸಿ ಮಾಡಲೇಬೇಡಿ. ಆಮ್ಲದ ಹೊಗೆ ಬರುತ್ತದೆ.

ಗುಂಡಿ, ಜಿಪ್ಪಿನ ಹಲ್ಲು ಪೋಣಿಸಿ ಓಲೆ ಮಾಡಿ ಮಾರುತ್ತೇನೆ. ಕೊಕ್ಕೆಗೆ ಜರ್ಮನ್ ಸಿಲ್ವರ್ ಹಾಕಿದರೂ ಕೆಲವರಿಗೆ ಕಿವಿ ತುರಿಸಿ ನೀರು ಬರುತ್ತದಂತೆ. ಬೆಳ್ಳಿಯೂ ಆಗದೆ? (ಓದುಗರು, ದಾವಣಗೆರೆ)

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ಸತು, ನಿಕಲ್ ಸೇರಿದ ಲೋಹ, ನಿಕಲ್ಲೇ ಶೇ. 18ರ ಆಸುಪಾಸು ಇರುವುದು ಸಾಮಾನ್ಯ. ತುರಿಕೆಗೆ ಕಾರಣ ಆ ನಿಕಲ್. ಒಮ್ಮೆ ಯಾರ ಮೈಗೆ ಅದು ಒಗ್ಗದೆ ಹೋಯಿತೋ ಮುಂದೆಯೂ ಒಗ್ಗುವುದಿಲ್ಲ. ಕಿವಿ ಚುಚ್ಚಿದ ತೂತಿಗೆ ಹೋಗುವ ಲೋಹದಿಂದ ವಾರಕ್ಕೆ ಒಂದು ಚದರ ಸೆಂ.ಮೀ.ಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಹೊರಬರಕೂಡದು ಎಂದು ಯುರೋಪಿನಲ್ಲಿ ಕಾನೂನೇ ಇದೆ.

ಓಲೆಯ ಉಳಿದ ಭಾಗ ಯಾವ ಕಸದಿಂದಾದರೂ ಇರಲಿ, ಕೊಕ್ಕೆಗೆ ಮಾತ್ರ ಹೊಸ ಲೋಹ ಬಳಸಿ: 92.5 ಬೆಳ್ಳಿ, ಟೈಟಾನಿಯಂ ಅಥವಾ ನಿಯೋಬಿಯಂ. 316ಎಲ್ ಸ್ಟೀಲ್‌ನಲ್ಲೂ ನಿಕಲ್ ಇದೆ, ಆದರೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ತಂತಿ 0.8 ಮಿ.ಮೀ. ಇರಲಿ. ತಂತಿಯ ದಪ್ಪ ಸೂಚಿಸುವ ಗೇಜ್ ಸಂಖ್ಯೆ ಹೇಳಿ ಕೊಳ್ಳುವಾಗ ಜಾಗ್ರತೆ. 0.8 ಮಿ.ಮೀ. ತಂತಿ ಅಮೆರಿಕದ ಲೆಕ್ಕದಲ್ಲಿ 20, ಇಲ್ಲಿನ ಮೋಟಾರ್ ವೈಂಡಿಂಗ್ ಅಂಗಡಿಯ ಲೆಕ್ಕದಲ್ಲಿ 21. ಕೈಯಲ್ಲಿರುವ ಸಂಗ್ರಹ ಪರೀಕ್ಷಿಸಲು ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ದ್ರಾವಣದ ಕಿಟ್ ಸಿಗುತ್ತದೆ. ಹತ್ತಿಗೆ ಹಾಕಿ ಲೋಹಕ್ಕೆ ಉಜ್ಜಿದಾಗ ಗುಲಾಬಿ ಬಣ್ಣ ಬಂದರೆ ನಿಕಲ್ ಬಿಡುತ್ತಿದೆ. ಉಗುರುಬಣ್ಣ ಬಳಿದು ಮಾರುವವರಿದ್ದಾರೆ, ಅದು ನಾಲ್ಕು ದಿನದ ಮಾತು.

ಸೈಕಲ್ ಟ್ಯೂಬಿನ ಸರ ಬಿಳಿ ಕುರ್ತಾಗೆ ಕಪ್ಪು ಹತ್ತಿಸುತ್ತದೆ, ವಾಸನೆಯೂ ಇದೆ. ಎಲೆಯಾಕಾರಕ್ಕೆ ಕತ್ತರಿಸಿದ ಕಡೆ ಹರಿದುಕೊಂಡು ಹೋಗುತ್ತದೆ. (ಓದುಗರು, ಮೈಸೂರು)

ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಸುಮಾರು 8 ಸೆಂ.ಮೀ. ಅಗಲದ ಪಟ್ಟಿ ಸಿಗುತ್ತದೆ. ಒಳಗಿನ ಪೌಡರ್ ಹೋಗುವಂತೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬ್ರಷ್‌ನಿಂದ ತಿಕ್ಕಿ. ಹೀಗೆ ಮೂರು ಸಲ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಕಪ್ಪು ಬಾರದಿದ್ದರೆ ಕತ್ತರಿ ಹಿಡಿಯಬಹುದು. ಹೊಳಪು ಬರಲೆಂದು ಎಣ್ಣೆ, ಸೀಮೆಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಿ ಜಿಗುಟಾಗುತ್ತದೆ. ಇಟ್ಟಲ್ಲೇ ಬಿಳಿ ಬೂಷ್ಟಿನಂಥದ್ದು ಬಂದರೆ ಗಾಬರಿ ಬೇಡ. ರಬ್ಬರಿಗೆ ಸೇರಿಸಿದ ಗಂಧಕ, ಮೇಣ ಮೇಲೆ ಬರುವುದು ಅದು, ಸಾಬೂನು ನೀರಿಗೆ ಹೋಗುತ್ತದೆ.

ಒಂದು ಪಟ್ಟಿ ಎಳೆದು ಬಿಡಿ. ಚಟ್ಟನೆ ಮುದುರಿಕೊಂಡರೆ ನೈಸರ್ಗಿಕ ರಬ್ಬರು, ಸೋಮಾರಿಯಂತೆ ನಿಧಾನವಾಗಿ ಬಂದರೆ ಬ್ಯುಟೈಲ್ ಎಂಬ ಕೃತಕ ರಬ್ಬರು. ಒಡವೆಗೆ ಬ್ಯುಟೈಲೇ ಲೇಸು, ಬೇಗ ಬಿರಿಯುವುದಿಲ್ಲ. ರಬ್ಬರ್ ಕೈಗವಸು ಒಗ್ಗದವರಿಗೆ ಎರಡನ್ನೂ ಕೊಡಬೇಡಿ, ರಬ್ಬರನ್ನು ಹದ ಮಾಡಲು ಸೇರಿಸುವ ರಾಸಾಯನಿಕಗಳು ಎರಡರಲ್ಲೂ ಇರುತ್ತವೆ.

ಹರಿಯುವ ಸಮಸ್ಯೆಗೆ ಉಪಾಯ ಸರಳ. ಕತ್ತರಿ ನಿಲ್ಲುವ ಜಾಗದಲ್ಲಿ ಮೊದಲೇ 2 ಮಿ.ಮೀ. ಪಂಚ್‌ನಿಂದ ದುಂಡು ತೂತು ಹಾಕಿ, ಆ ತೂತಿನವರೆಗೆ ಮಾತ್ರ ಕತ್ತರಿಸಿ. ಚೂಪು ಮೂಲೆಯಲ್ಲಿ ಕೊನೆಯಾದ ಕೊಯ್ತ ಮುಂದೆ ಓಡುತ್ತದೆ, ದುಂಡಿನಲ್ಲಿ ಕೊನೆಯಾದದ್ದು ನಿಲ್ಲುತ್ತದೆ. ಅಂಟಿಸಲು ಫೆವಿಕ್ವಿಕ್ ಹಾಕಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಪಂಚರ್ ಅಂಗಡಿಯ ಸಲ್ಯೂಷನ್ನೇ ಸರಿ: ಎರಡೂ ಮೈ ಉಜ್ಜಿ, ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಲು ಐದು ನಿಮಿಷ ಬಿಟ್ಟು, ಆಮೇಲೆ ಒತ್ತಿ. ಒದ್ದೆ ಇರುವಾಗಲೇ ಅಂಟಿಸಿದರೆ ಎಷ್ಟು ಒತ್ತಿದರೂ ಜಾರುತ್ತದೆ.

‘ಕಸದಿಂದ ಮಾಡಿದ್ದಕ್ಕೆ 900 ರೂಪಾಯಿಯೇ?’ ಎಂದು ಮಳಿಗೆಗೆ ಬಂದವರು ನಗುತ್ತಾರೆ. ಇದನ್ನು ನಿಜವಾದ ಒಡವೆ ಎಂದು ಎಲ್ಲಾದರೂ ಒಪ್ಪುತ್ತಾರೆಯೇ? (ಓದುಗರು, ಮಂಗಳೂರು)

ಒಪ್ಪಿ ಅರ್ಧ ಶತಮಾನ ದಾಟಿತು. ನೆದರ್ಲೆಂಡ್ಸ್‌ನ ಖೈಸ್ ಬಕ್ಕರ್ 1967ರಲ್ಲಿ ಒಲೆಯ ಹೊಗೆಕೊಳವೆಯ ಅಲ್ಯೂಮಿನಿಯಂನಿಂದಲೇ ಕತ್ತಿನ ಪಟ್ಟಿ ಮಾಡಿದರು. ಸ್ವಿಟ್ಜರ್ಲೆಂಡ್‌ನ ಬರ್ನ್‌ಹಾರ್ಡ್ ಶೋಬಿಂಗರ್ ಒಡೆದ ಬಾಟಲಿ ಕತ್ತುಗಳನ್ನೇ ಪೋಣಿಸಿ ಸರ ಮಾಡಿದರು. ಬ್ರಿಟನ್ನಿನ ಪೀಟರ್ ಚಾಂಗ್ ಬಿಸಾಡಿದ ಪ್ಲಾಸ್ಟಿಕ್ಕನ್ನು ಕತ್ತರಿಸಿ, ಕೂಡಿಸಿ, ಮೆರುಗು ಕೊಟ್ಟು ಮಾಡಿದ ಬಳೆಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಎಲ್ಲಕ್ಕಿಂತ ಚೇಷ್ಟೆಯದು ಒಟ್ಟೊ ಕ್ಯುನ್ಜ್ಲಿ 1980ರಲ್ಲಿ ಮಾಡಿದ ಕಪ್ಪು ರಬ್ಬರ್ ಬಳೆ. ಒಳಗೆ ಚಿನ್ನದ ಗುಂಡಿದೆ, ಹೊರಗೆ ಕಾಣುವುದು ಉಬ್ಬು ಮಾತ್ರ. ಹೆಸರು ‘ಚಿನ್ನ ಕುರುಡು ಮಾಡುತ್ತದೆ’. ಗುಂಡು ಇದೆ ಎಂದು ನಂಬಬೇಕು, ಇಲ್ಲವೇ ಬಳೆ ಕತ್ತರಿಸಿ ನೋಡಬೇಕು.

ಆದರೆ ಮಳಿಗೆಯ ಮುಂದೆ ನಿಂತವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ. ಅವರು ಬೆಲೆಯನ್ನು ತೂಕದಿಂದ ಅಳೆಯುವವರು. ಚಿನ್ನದಂಗಡಿಯಲ್ಲಿ ಮಜೂರಿ ಬೇರೆ ಬರೆಯುವ ಹಾಗೆ ನೀವೂ ಚೀಟಿಯಲ್ಲಿ ಬಿಡಿಸಿ ಬರೆಯಿರಿ: ಬೆಳ್ಳಿ ಕೊಕ್ಕೆ ಇಷ್ಟು, ನಾಲ್ಕು ಗಂಟೆಯ ಮಜೂರಿ ಇಷ್ಟು, ಸಾಮಾನು ಸೊನ್ನೆ. ಆ ಸೊನ್ನೆ ನೋಡಿಯೇ ಜನ ಮಾತಿಗಿಳಿಯುತ್ತಾರೆ. ಜೊತೆಗೆ ಕೊಂಡಿ ಕಳಚಿದರೆ ಉಚಿತವಾಗಿ ಸರಿಮಾಡಿಕೊಡುವುದಾಗಿ ಬರೆದುಕೊಡಿ. ಬೆಲೆ ಇಳಿಸುವುದಕ್ಕಿಂತ ಅದೇ ಮೇಲು.

ಚಿಟ್ಟೆ ಕೊರೆದು ಹೊರಬಂದ ರೇಷ್ಮೆಗೂಡು ನಮ್ಮಲ್ಲಿ ಬೇಕಾದಷ್ಟಿದೆ. ಓಲೆಗೆಂದು ಬಣ್ಣ ಹಾಕಿ ಕುದಿಸಿದೆ, ಎಲ್ಲ ಹತ್ತಿಯ ಹಾಗೆ ಬಿಚ್ಚಿಕೊಂಡಿತು. (ಓದುಗರು, ಶಿಡ್ಲಘಟ್ಟ)

ಕುದಿಸಿದ್ದೇ ತಪ್ಪು. ನೂಲು ತೆಗೆಯುವವರು ಗೂಡು ಬೇಯಿಸುವುದು ಎಳೆ ಬಿಡಿಸಲಿಕ್ಕೇ ತಾನೆ? ಗೂಡಿನ ಸುಮಾರು ಕಾಲು ಭಾಗ ಅಂಟು, ಗೂಡು ಗಟ್ಟಿ ನಿಲ್ಲುವುದು ಅದರಿಂದ, ಅದು ಬಿಸಿನೀರಿಗೆ ಕರಗುತ್ತದೆ. ನೀರು 50 ಡಿಗ್ರಿ ದಾಟಬಾರದು, ಸೋಪು, ಸೋಡಾ ಸೇರಬಾರದು. ಅಷ್ಟು ತಣ್ಣಗಿನ ನೀರಲ್ಲಿ ಬಣ್ಣ ಪೂರ್ತಿ ಕಚ್ಚುವುದಿಲ್ಲ, ಬೆವರಿಗೆ ಇಳಿಯಬಹುದು. ಹಾಗಾಗಿ ಅದ್ದುವ ಬದಲು ಫ್ಯಾಬ್ರಿಕ್ ಬಣ್ಣ ತೆಳುಮಾಡಿ ಬ್ರಷ್‌ನಿಂದ ಹಚ್ಚಿ. ಮೈ ಬಿಳಿಯಾಗೇ ಬಿಟ್ಟು ಅಂಚಿಗಷ್ಟೇ ಬಣ್ಣ ಕೊಟ್ಟರೆ ಇನ್ನೂ ಚೆಂದ.

ಚಿಟ್ಟೆ ಬಿಟ್ಟುಹೋದ ಕಂದು ಕಲೆಯಿರುವ ಕಡೆ ಕತ್ತರಿಸಿ ತೆಗೆಯಿರಿ, ಒಳಗಿನ ಹುಳುವಿನ ಪೊರೆ ಕೊಡವಿ. ಕತ್ತರಿಸಿದ ಅಂಚು ಪದರ ಪದರವಾಗಿ ಬಿಡುತ್ತದೆ, ಸಮಪಾಲು ನೀರು ಬೆರೆಸಿದ ಫೆವಿಕಾಲ್ ಅಂಚಿಗೆ ಎರಡು ಸಲ ಹಚ್ಚಿ ಒಣಗಿಸಿ. ಹುಳು ಸತ್ತು ಒಳಗೇ ಉಳಿದ ಗೂಡು ಉಚಿತವಾಗಿ ಸಿಕ್ಕಿದರೂ ಬೇಡ. ಎಣ್ಣೆ ಬಿಟ್ಟು ನಾರುತ್ತದೆ, ದುಂಬಿ ಬಂದು ಸೇರಿಕೊಳ್ಳುತ್ತದೆ. ಒಳ್ಳೆಯ ಗೂಡುಗಳನ್ನೂ ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆದರೆ ದುಂಬಿ ಮೊಟ್ಟೆಯ ಕಾಟವಿಲ್ಲ. ಒಂದು ಖಾಲಿ ಗೂಡು ಅರ್ಧ ಗ್ರಾಂ ಕೂಡ ತೂಗದು. ದೊಡ್ಡ ಜುಮುಕಿ ಇಷ್ಟಪಟ್ಟು ಕಿವಿ ಜಗ್ಗುತ್ತದೆಂದು ಬಿಟ್ಟವರಿಗೆ ಇಷ್ಟು ಹಗುರದ ಸಾಮಾನು ಬೇರೆ ಸಿಗುವುದು ಕಷ್ಟ.

ಕೆಟ್ಟ ಕೈಗಡಿಯಾರದ ಚಕ್ರಗಳಿಂದ ಪದಕ ಮಾಡುತ್ತೇನೆ. ಜಂಪ್ ರಿಂಗ್ (ಪದಕ ನೇತುಹಾಕುವ ಪುಟ್ಟ ತಂತಿ ಬಳೆ) ಬಾಯಿಬಿಟ್ಟು ಎರಡು ಪದಕ ಬಿದ್ದುಹೋದವು. (ಓದುಗರು, ಬೆಂಗಳೂರು)

ಗಡಿಯಾರದ ಬಗ್ಗೆ ಮೊದಲು ಒಂದು ಎಚ್ಚರಿಕೆ. ಹಳೆಯ, 1960ರ ದಶಕದ ಅಥವಾ ಅದಕ್ಕೂ ಹಿಂದಿನ ವಿದೇಶಿ ಗಡಿಯಾರದ ಮುಳ್ಳು, ಅಂಕಿಗಳಲ್ಲಿ ಕಂದುಬಣ್ಣಕ್ಕೆ ತಿರುಗಿದ ಲೇಪವಿದ್ದರೆ ಅದು ರೇಡಿಯಂ ಇರಬಹುದು. ಕತ್ತಲಲ್ಲಿ ಹೊಳೆಯುತ್ತಿಲ್ಲ ಎಂದು ಧೈರ್ಯ ಮಾಡಬೇಡಿ. ಸತ್ತಿರುವುದು ಹೊಳೆಯುವ ಪುಡಿ, ರೇಡಿಯಂ ಅರ್ಧವಾಗಲು 1,600 ವರ್ಷ ಬೇಕು. ಅಂಥದ್ದನ್ನು ಬಿಚ್ಚದೆ ಹಾಗೇ ಬಿಡಿ. ಕೀಲಿ ಕೊಡುವ ಗಡಿಯಾರ ಬಿಚ್ಚುವ ಮುಂಚೆ ಸ್ಪ್ರಿಂಗಿನ ಬಿಗಿ ಇಳಿಸಿ, ಇಲ್ಲವಾದರೆ ಮುಖಕ್ಕೆ ಹಾರುತ್ತದೆ. ಚಕ್ರಗಳ ಎಣ್ಣೆ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒಣಗಿಸಿ, ಎಣ್ಣೆಯ ಮೇಲೆ ಯಾವ ಅಂಟೂ ನಿಲ್ಲದು.

ಇನ್ನು ರಿಂಗ್. ಮೋಟಾರಿನ ತಾಮ್ರದ ತಂತಿಯಿಂದ ಮಾಡಿದ್ದರೆ ಅದು ಬಾಯಿಬಿಡುವುದೇ ಸರಿ, ಅಷ್ಟು ಮೆದು. ಪದಕಕ್ಕೆ 1 ಮಿ.ಮೀ. ಹಿತ್ತಾಳೆ ಅಥವಾ ಸ್ಟೀಲ್ ತಂತಿ ಬೇಕು, ಒಳವ್ಯಾಸ 4 ಮಿ.ಮೀ. ಮೀರದಿರಲಿ. ರಿಂಗ್ ದೊಡ್ಡದಾದಷ್ಟೂ ಸಡಿಲ. ತೆರೆಯುವಾಗ ಎರಡು ತುದಿಯನ್ನು ಅಗಲಕ್ಕೆ ಎಳೆಯಬೇಡಿ, ದುಂಡು ಕೆಡುತ್ತದೆ. ಎರಡು ಇಕ್ಕಳದಲ್ಲಿ ಹಿಡಿದು ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ತಿರುವಿ. ಮುಚ್ಚುವಾಗ ತುದಿಗಳು ಒಂದನ್ನೊಂದು ಸ್ವಲ್ಪ ದಾಟುವಷ್ಟು ಒತ್ತಿ ಹಿಂದಕ್ಕೆ ತನ್ನಿ. ಹೀಗೆ ಎರಡು ಮೂರು ಸಲ ಮಾಡಿದರೆ ತಂತಿಯೂ ಗಟ್ಟಿಯಾಗಿ, ತುದಿಗಳು ಟಿಕ್ ಎಂದು ಒಂದಕ್ಕೊಂದು ಕೂರುತ್ತವೆ. ಆಮೇಲೆ ಒಂದು ಕೂದಲನ್ನು ಜೋಡಣೆಯ ಮೇಲೆ ಎಳೆದು ನೋಡಿ. ಸಿಕ್ಕಿಕೊಂಡರೆ ಇನ್ನೊಂದು ಸಲ ತಿರುವಬೇಕು.